ತಟ್ಟೆಯಿಂದ ಯಕೃತ್ತಿಗೆ: ಮಲೇರಿಯಾ ಮದ್ದಿನ ಹುಡುಕಾಟ

ಆಟಿ ಅಮಾವಾಸ್ಯೆ ಹತ್ತಿರ ಬಂದಾಗ ಪಾಲೆ ಮರದ ಕೆತ್ತೆಯ ಕಷಾಯ ಮಲೇರಿಯಾಕ್ಕೆ ಮದ್ದು ಎನ್ನುವ ಬರಹಗಳು ಕಾಣಿಸಿಕೊಳ್ಳುತ್ತವೆ. 2015ರಲ್ಲಿ ಚೀನಾದ ತು ಯೂಯೂ ಅವರಿಗೆ ಮಲೇರಿಯಾದ ಮದ್ದಿಗಾಗಿ ನೊಬೆಲ್ ಬಂದ ಮೇಲೆ ಇವಕ್ಕೆ ಹೊಸ ಬಲ ಬಂದಿದೆ. ಚೀನಾದವರ ಹಳೆಯ ಗ್ರಂಥದಲ್ಲಿ ಮದ್ದು ಸಿಕ್ಕಿತೆಂದರೆ ನಮ್ಮವುಗಳಲ್ಲೂ ಇರಲೇಬೇಕು ಎಂಬುದು ವಾದ. ಆ ದಿನ ಕಷಾಯ ಕುಡಿಯುವ ತುಳುನಾಡಿನ ಆಚರಣೆಯ ಬಗ್ಗೆ ನನಗೆ ಗೌರವವಿದೆ. ಆದರೆ ಪಾಲೆಯ ಸಾರವನ್ನು ಮಲೇರಿಯಾ ತಗುಲಿದ ಇಲಿಗಳಿಗೆ ಕೊಟ್ಟು ನೋಡಿದಾಗ ರಕ್ತದಲ್ಲಿದ್ದ ಪರಾವಲಂಬಿಗಳು ಸಾಯಲಿಲ್ಲ. ಸಸ್ಯದ ಅಣುಗಳ ನಡುವೆಯೇ ವೃತ್ತಿ ಕಳೆದ ನನಗೆ, ಈ ಕ್ಷೇತ್ರ ನಿಜಕ್ಕೂ ಹೇಗೆ ಬೆಳೆಯಿತೆಂಬುದನ್ನು ಹೇಳಬೇಕೆನಿಸುತ್ತದೆ.

ಆರಂಭದ ಕತೆ ಎಲ್ಲರಿಗೂ ಗೊತ್ತಿರುವುದೇ. ದಕ್ಷಿಣ ಅಮೆರಿಕದ ಸಿಂಕೋನಾ ತೊಗಟೆ ಹದಿನೇಳನೆಯ ಶತಮಾನದಲ್ಲಿ ಯುರೋಪಿಗೆ ಬಂತು. 1820ರಲ್ಲಿ ಪೆಲ್ಟಿಯೆ ಮತ್ತು ಕವಾಂತು ಅದರಿಂದ ಕ್ವಿನೈನ್ ಬೇರ್ಪಡಿಸಿದರು. 1860ರ ದಶಕದಲ್ಲಿ ಸಿಂಕೋನಾ ನೀಲಗಿರಿಯ ಬೆಟ್ಟಗಳಿಗೂ ಬಂತು. ಎರಡನೆಯ ಮಹಾಯುದ್ಧದಲ್ಲಿ ಜಾವಾದ ತೋಟಗಳು ಜಪಾನಿನ ಕೈಸೇರಿ ಕ್ವಿನೈನ್ ಸಿಗದಂತಾದಾಗ, ಪ್ರಯೋಗಾಲಯದಲ್ಲಿ ತಯಾರಾದ ಕ್ಲೋರೊಕ್ವಿನ್‌ನಂಥ ಮದ್ದುಗಳಿಗೆ ದಾರಿ ತೆರೆಯಿತು. ಅಗ್ಗದ ಕ್ಲೋರೊಕ್ವಿನ್ ಇದ್ದಷ್ಟು ದಿನ ಗಿಡಗಳ ಕಡೆ ಹೆಚ್ಚು ಮಂದಿ ತಿರುಗಿ ನೋಡಲಿಲ್ಲ. 1950ರ ದಶಕದ ಕೊನೆಗೆ ಆಗ್ನೇಯ ಏಷ್ಯಾದಲ್ಲೂ ದಕ್ಷಿಣ ಅಮೆರಿಕದಲ್ಲೂ ಪರಾವಲಂಬಿ ಅದಕ್ಕೆ ಬಗ್ಗದಂತಾದಾಗ ಲೆಕ್ಕ ತಪ್ಪಿತು.

ವಿಯೆಟ್ನಾಂ ಯುದ್ಧದ ಒತ್ತಡದಲ್ಲಿ 1967ರ ಮೇ 23ರಂದು ಚೀನಾ 523 ಎಂಬ ಗುಪ್ತ ಯೋಜನೆ ಆರಂಭಿಸಿತು. ಅದರಲ್ಲಿ ತು ಯೂಯೂ ಮಾಡಿದ್ದೇನೆಂಬುದನ್ನು ಬಿಡಿಬಿಡಿಯಾಗಿ ನೋಡಬೇಕು. ಚಿಂಗ್‌ಹಾವ್ ಗಿಡದ ಸಾರ ಅವರ ಕೈಯಲ್ಲೂ ಮೊದಮೊದಲು ಒಮ್ಮೆ ಫಲಕೊಟ್ಟರೆ ಇನ್ನೊಮ್ಮೆ ಕೈಕೊಡುತ್ತಿತ್ತು. ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬ ವೈದ್ಯ, ಆ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕೆಂದು ಬರೆದಿದ್ದ. ಕುದಿಸಬೇಕೆಂದು ಹೇಳಿರಲಿಲ್ಲ. ಬಿಸಿಗೆ ಮದ್ದು ಕೆಡುತ್ತಿರಬಹುದೆಂದು ಊಹಿಸಿದ ತು, ಕಡಿಮೆ ಶಾಖದಲ್ಲಿ ಕುದಿಯುವ ಈಥರ್ ಬಳಸಿ ಸಾರ ತೆಗೆದರು, ಅದರ ಆಮ್ಲೀಯ ಭಾಗವನ್ನು ಬೇರ್ಪಡಿಸಿ ಎಸೆದರು. 1971ರ ಅಕ್ಟೋಬರಿನಲ್ಲಿ 191ನೆಯ ಮಾದರಿ ಇಲಿಗಳಲ್ಲಿ ನೂರಕ್ಕೆ ನೂರು ಫಲ ಕೊಟ್ಟಿತು. ಮರುವರ್ಷ ತು ಮತ್ತು ಸಂಗಡಿಗರು ಅದನ್ನು ಮೊದಲು ತಾವೇ ಕುಡಿದು ನೋಡಿದರು. ಗ್ರಂಥ ಕೊಟ್ಟದ್ದು ಒಂದು ಸುಳಿವು. ಅದನ್ನು ಮದ್ದಾಗಿಸಿದ್ದು ಈಥರ್, ಇಲಿ ಮತ್ತು ವರ್ಷಗಳ ದುಡಿಮೆ. ಈ ಗಿಡದ ಎಲೆಯನ್ನು ಚಹಾ ಮಾಡಿ ಕುಡಿದರೆ ಸಾಕೆನ್ನುವವರು ಇದನ್ನೇ ಮರೆಯುತ್ತಾರೆ. ಗಿಡದಲ್ಲಿರುವ ಮದ್ದಿನ ಅಣುವಾದ ಆರ್ಟಿಮಿಸಿನಿನ್ ಚಹಾದಲ್ಲಿ ಎಷ್ಟು ಇಳಿಯುತ್ತದೆಂಬ ಖಾತ್ರಿಯಿಲ್ಲ, ಸಾಲದ ಪ್ರಮಾಣವು ಪರಾವಲಂಬಿಗೆ ನಿರೋಧವನ್ನು ಕಲಿಸಬಲ್ಲದು.

ನನ್ನ ತಲೆಮಾರನ್ನು ರೂಪಿಸಿದ್ದು ಮಾತ್ರ ಇನ್ನೊಂದು ಘಟನೆ. 1976ರಲ್ಲಿ ಟ್ರೇಗರ್ ಮತ್ತು ಜೆನ್ಸನ್ ಫಾಲ್ಸಿಪಾರಂ ಪರಾವಲಂಬಿಯನ್ನು ಪ್ರಯೋಗಾಲಯದ ತಟ್ಟೆಯಲ್ಲೇ, ಮನುಷ್ಯನ ಕೆಂಪು ರಕ್ತಕಣಗಳಲ್ಲಿ ನಿರಂತರವಾಗಿ ಬೆಳೆಸಿ ತೋರಿಸಿದರು. ಅಲ್ಲಿಂದ ಮುಂದೆ ಯಾವ ಊರಿನ ಯಾವ ಗಿಡದ ಸಾರವನ್ನಾದರೂ ತಟ್ಟೆಗೆ ಹಾಕಿ ನೋಡುವುದು ಸಾಧ್ಯವಾಯಿತು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಆರ್ಟಿಮಿಸಿನಿನ್‌ನಿಂದ ಆರ್ಟೀಥರ್ ಚುಚ್ಚುಮದ್ದನ್ನು ರೂಪಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಅವರ ಬಳಗ ಬೇರೆಯೇ ಪ್ರಶ್ನೆ ಎತ್ತಿಕೊಂಡಿತು. ಪರಾವಲಂಬಿ ನಮ್ಮ ಹಿಮೋಗ್ಲೋಬಿನ್ ತಿಂದು ಹೀಮ್ ಎಂಬ ವಿಷವಸ್ತುವನ್ನು ಹೊರಚೆಲ್ಲುತ್ತದೆ, ಅದನ್ನು ಹರಳಾಗಿಸಿ ತಾನು ಬದುಕಿಕೊಳ್ಳುತ್ತದೆ. ಕ್ವಿನೈನ್ ಗುಂಪಿನ ಮದ್ದುಗಳು ಆ ಹರಳುಗಟ್ಟುವಿಕೆಗೆ ಅಡ್ಡ ಬರುತ್ತವೆ. ಆರ್ಟಿಮಿಸಿನಿನ್‌ನ ಪೆರಾಕ್ಸೈಡ್ ಸೇತುವೆ ಮುರಿದು ಕೆರಳುವುದಕ್ಕೂ ಅದೇ ಹೀಮ್‌ನ ಕಬ್ಬಿಣ ಬೇಕು. ಇಷ್ಟೊಂದು ಹೀಮ್ ನಡುವೆ ಇದ್ದೂ ಪರಾವಲಂಬಿ ತನ್ನದೇ ಹೀಮ್ ತಯಾರಿಸುತ್ತದೆಂದು 1992ರಲ್ಲಿ ತೋರಿಸಿದ್ದು ಬೆಂಗಳೂರಿನ ಈ ಕೆಲಸವೇ. ಇಂದಿಗೂ ನಮ್ಮ ದೇಶದ ಮಲೇರಿಯಾ ಸಂಶೋಧನೆಯಲ್ಲಿ ಅದಕ್ಕಿಂತ ಸೊಗಸಾದ ಪ್ರಶ್ನೆಯನ್ನು ನಾನು ಕಂಡಿಲ್ಲ.

ಇದೇ ಬಳಗ ಅರಿಶಿನದ ಕರ್ಕ್ಯುಮಿನ್ ಅನ್ನೂ ಪರೀಕ್ಷಿಸಿತು. ಇಲಿಗಳಿಗೆ ಒಂದು ಆರ್ಟೀಥರ್ ಚುಚ್ಚುಮದ್ದು, ಜೊತೆಗೆ ಮೂರು ಬಾರಿ ಬಾಯಿಯ ಮೂಲಕ ಕರ್ಕ್ಯುಮಿನ್ ಕೊಟ್ಟಾಗ ಸೋಂಕು ಮರುಕಳಿಸಲಿಲ್ಲ ಎಂಬುದು 2006ರ ವರದಿ. ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಲು ಕಡಿಮೆ, ಎಷ್ಟೋ ಪರೀಕ್ಷೆಗಳಲ್ಲಿ ಅದು ಸುಳ್ಳು ಫಲ ತೋರಿಸುತ್ತದೆ ಎಂಬ ಆಕ್ಷೇಪಗಳು ನಿಜ. ಆದರೂ ತಟ್ಟೆಯಲ್ಲಿ ನಿಲ್ಲದೆ ಪ್ರಾಣಿಯವರೆಗೆ ಹೋದ ಕೆಲಸ ಅದು. ಬೇವಿನ ಗೆಡುನಿನ್ ತಟ್ಟೆಯಲ್ಲಿ ಗೆದ್ದು ಇಲಿಯಲ್ಲಿ ಸೋತಿತು. ಹಾಗೆ ಸೋತದ್ದು ಗೊತ್ತಾಗುವುದೂ ಒಂದು ಲಾಭವೇ. ಈಗ ನಾನು ಓದುವ ಪ್ರಬಂಧಗಳಲ್ಲಿ ಹಲವು, ಗಿಡದ ಅಣುವೊಂದನ್ನು ಕಂಪ್ಯೂಟರಿನಲ್ಲಿ ಪ್ರೋಟೀನಿಗೆ ಹೊಂದಿಸಿ ಅಲ್ಲಿಗೇ ಮುಗಿಯುತ್ತವೆ.

ಸೂಕ್ಷ್ಮಜೀವಿಗಳ ಕಡೆಯಿಂದ ಬಂದ ಸುದ್ದಿ ಹೆಚ್ಚು ಭರವಸೆಯದು. ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದ ಫಾಸ್ಮಿಡೊಮೈಸಿನ್ ಮಲೇರಿಯಾದ ಮೇಲೂ ಕೆಲಸ ಮಾಡುತ್ತದೆಂದು 1999ರಲ್ಲಿ ಗೊತ್ತಾಯಿತು. ಸೊಳ್ಳೆಯ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾವೊಂದು ಹಾರ್ಮೇನ್ ಎಂಬ ಅಣುವನ್ನು ಸ್ರವಿಸಿ ಪರಾವಲಂಬಿಯ ಬೆಳವಣಿಗೆಯನ್ನು ತಡೆಯುತ್ತದೆಂದು 2023ರಲ್ಲಿ ಪ್ರಕಟವಾಯಿತು. ಇಂಥವು ತುರ್ತಾಗಿ ಬೇಕು. ಆರ್ಟಿಮಿಸಿನಿನ್‌ಗೂ ನಿರೋಧ ಹುಟ್ಟಿದೆ, ಕಾಂಬೋಡಿಯಾದಲ್ಲಿ ಕಂಡ ಕೆಲ್ಚ್-13 ಜೀನಿನ ಮಾರ್ಪಾಡುಗಳ ಬಗೆಯವು ಈಗ ರುವಾಂಡ, ಉಗಾಂಡಗಳಲ್ಲೂ ಕಾಣಿಸಿಕೊಂಡಿವೆ.

ಆದರೆ 1976ರ ತಟ್ಟೆ ನಮ್ಮ ಕಣ್ಣನ್ನು ಒಂದೇ ಕಡೆಗೆ ತಿರುಗಿಸಿತು. ಅಲ್ಲಿ ಬೆಳೆದದ್ದು ಫಾಲ್ಸಿಪಾರಂ, ಅದೂ ರಕ್ತದ ಹಂತ ಮಾತ್ರ. ಮಂಗಳೂರಿನ ಕಟ್ಟಡ ಕಾರ್ಮಿಕರನ್ನು ದಶಕಗಳಿಂದ ಹೆಚ್ಚಾಗಿ ಕಾಡಿದ್ದು ಮಲೇರಿಯಾದ ಇನ್ನೊಂದು ಪರಾವಲಂಬಿ, ವೈವ್ಯಾಕ್ಸ್. ಅದನ್ನು ತಟ್ಟೆಯಲ್ಲಿ ನಿರಂತರವಾಗಿ ಬೆಳೆಸುವುದು ಇಂದಿಗೂ ಕೈಗೂಡಿಲ್ಲ. ಅದು ಯಕೃತ್ತಿನಲ್ಲಿ ಸುಪ್ತವಾಗಿ ಅಡಗಿ, ತಿಂಗಳುಗಳ ನಂತರ ಮತ್ತೆ ಜ್ವರ ತರುತ್ತದೆ. ಅದನ್ನು ತೊಲಗಿಸಲು ಇರುವುದು ಪ್ರಿಮಾಕ್ವಿನ್, ಟಾಫೆನೊಕ್ವಿನ್ ಮಾತ್ರ. ಎರಡೂ ಸಂಶ್ಲೇಷಿತ, ಎರಡನ್ನೂ ಗರ್ಭಿಣಿಯರಿಗೆ ಕೊಡುವಂತಿಲ್ಲ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರ ರಕ್ತಕಣಗಳನ್ನು ಒಡೆಯುತ್ತವೆ. ಯಕೃತ್ತಿನ ಈ ಸುಪ್ತ ಹಂತಕ್ಕೆ ಪ್ರಕೃತಿಯಿಂದ ಬಂದ ಮದ್ದು ಒಂದೂ ಇಲ್ಲ. ಬೆಂಗಳೂರಿನ ಬಳಗವೇ 2013ರಲ್ಲಿ, ಪರಾವಲಂಬಿ ತಾನೇ ತಯಾರಿಸುವ ಹೀಮ್ ರಕ್ತದ ಹಂತಕ್ಕೆ ಅನಿವಾರ್ಯವಲ್ಲ, ಸೊಳ್ಳೆಯ ಮತ್ತು ಯಕೃತ್ತಿನ ಹಂತಗಳಿಗೆ ಅನಿವಾರ್ಯ ಎಂದು ತೋರಿಸಿತು. ಗುರಿ ಎಲ್ಲಿದೆಯೆಂಬ ಸೂಚನೆ ಹೀಗೆ ಮನೆಯಲ್ಲೇ ಸಿಕ್ಕಿದೆ. ವೈವ್ಯಾಕ್ಸ್‌ನಂತೆಯೇ ಯಕೃತ್ತಿನಲ್ಲಿ ಅಡಗುವ ಸೈನೊಮೋಲ್ಗಿ ಪರಾವಲಂಬಿಯನ್ನು ಕೋತಿಗಳಲ್ಲಿ ಬಳಸಿ ಮದ್ದು ಪರೀಕ್ಷಿಸುವ ವಿದ್ಯೆಯೂ ಹೊಸದಲ್ಲ. ಲಖನೌದವರು ಬುಲಾಕ್ವಿನ್ ಎಂಬ ಮದ್ದನ್ನು ಪರೀಕ್ಷಿಸಿದ್ದು ಹಾಗೆಯೇ. ಪಶ್ಚಿಮ ಘಟ್ಟದ ಗಿಡಗಳಿಂದ ತೆಗೆದು ನಮ್ಮ ಶೀತಲಪೆಟ್ಟಿಗೆಗಳಲ್ಲಿ ಇಟ್ಟಿರುವ ಸಾರಗಳನ್ನು ಯಕೃತ್ತಿನ ಹಂತದ ಮೇಲೂ ಪರೀಕ್ಷಿಸಬೇಕು.