ಸಿಲುವೆಪುರ: ಬರಗಾಲ ಕಟ್ಟಿಸಿದ ಊರು

ಇದನ್ನು ಬರೆಯಬೇಕು ಅಂದುಕೊಂಡು ತುಂಬಾ ದಿನ ಆಯ್ತು. ಅರ್ಧ ಬರೆದು ಡ್ರಾಫ್ಟಿನಲ್ಲೇ ಬಿಟ್ಟಿದ್ದೆ. ಮೊನ್ನೆ ಆಫೀಸಿನಲ್ಲಿ ಟೀ ಕುಡಿಯುವಾಗ ಒಬ್ಬ ಗೆಳೆಯ ನಗುನಗುತ್ತಾ ಕೇಳಿದ, "ನಿಮ್ಮೋರು ಕನ್ವರ್ಟ್ ಆಗಿದ್ದು ಯಾವಾಗ ಮಗಾ? ಬರಗಾಲದಲ್ಲಿ ಗಂಜಿ ಕೊಟ್ರಲ್ಲ, ಆಗ್ಲಾ?" ನಾನೂ ನಕ್ಕೆ. ಅವನಿಗೆ ಬೇಜಾರು ಮಾಡುವ ಉದ್ದೇಶ ಇರಲಿಲ್ಲ, ಅದು ಗೊತ್ತು. ಆದರೆ ಮನೆಗೆ ಬಂದಮೇಲೂ ಆ ಮಾತು ತಲೆಯಲ್ಲಿ ಗುಂಯ್‌ಗುಡುತ್ತಲೇ ಇತ್ತು. ಯಾಕೆಂದರೆ ಅವನು ಹೇಳಿದ್ದು ನಿಜ.

ನಾನಿರೋದು ಮಾಕಳಿಯಲ್ಲಿ. ತುಮಕೂರು ರಸ್ತೆ, ಹಗಲು ರಾತ್ರಿ ಲಾರಿ, ಧೂಳು. ಈಗ ಪಕ್ಕದ ಮಾದಾವರದವರೆಗೆ ಮೆಟ್ರೋ ಕೂಡ ಬಂದಿದೆ (2024ರ ನವೆಂಬರ್‌ನಲ್ಲಿ. ದೇವರು ದೊಡ್ಡವನು!). ಇಲ್ಲಿಂದ ಹೆಸರಘಟ್ಟದ ಕಡೆ ಬೈಕಿನಲ್ಲಿ ಹೊರಟರೆ ಸಿಲುವೆಪುರ ಅಂತ ಒಂದು ಊರು ಸಿಗುತ್ತದೆ. ಬೋರ್ಡು ನೋಡಿದವರು ಯಾವುದೋ ಹಳೇ ಹಳ್ಳಿ ಅಂದುಕೊಂಡು ಮುಂದೆ ಹೋಗ್ತಾರೆ. ಸಿಲುವೆ ಅಂದರೆ ಶಿಲುಬೆ. ಈ ಪದ ನಮಗೆ ಬಂದಿದ್ದು ಇಂಗ್ಲಿಷಿನಿಂದಲೂ ಅಲ್ಲ, ಪೋರ್ಚುಗೀಸಿನಿಂದಲೂ ಅಲ್ಲ. ಮೂಲ ಸಿರಿಯಾಕ್ ಭಾಷೆಯದು. ಕೇರಳ, ತಮಿಳುನಾಡುಗಳನ್ನು ದಾಟಿ ಕನ್ನಡದ ಬಾಯಿಗೆ ಹೊಂದಿಕೊಂಡಿದೆ. ರಾಗಿ ಹೊಲಗಳ ನಡುವಿನ ಒಂದು ಊರಿಗೆ ಆ ಹೆಸರು ಬಂದಿದ್ದು ಹೇಗೆ ಅಂತ ತಿಳಿಯಬೇಕಾದರೆ 1876ಕ್ಕೆ ಹೋಗಬೇಕು.

ಧಾತು ಈಶ್ವರದ ಬರ. ಹೆಸರು ಕೇಳಿರ್ತೀರಿ. ಧಾತು, ಈಶ್ವರ ಅನ್ನೋದು ಎರಡು ಸಂವತ್ಸರಗಳು, 1876-77 ಮತ್ತು 1877-78. ನಮ್ಮ ಕಡೆಯ ರೈತರು ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಒಂದು ವರ್ಷ ಮಳೆ ಕೈಕೊಟ್ಟರೆ ಹಗೇವು ಕಾಯುತ್ತಿತ್ತು. 1875ರಲ್ಲೇ ಬೆಳೆ ಸರಿಯಾಗಿ ಬಂದಿರಲಿಲ್ಲ. 1876ರಲ್ಲಿ ಮುಂಗಾರು ಹಿಂಗಾರು ಎರಡೂ ಹೋದವು. ಹಗೇವು ಖಾಲಿ. ಆಮೇಲೆ ಎತ್ತುಗಳು ಸತ್ತವು. ಮದರಾಸಿನಿಂದ ಬೆಂಗಳೂರಿಗೆ 1864ರಿಂದಲೇ ರೈಲಿತ್ತು, ಅದರಲ್ಲಿ ಧಾನ್ಯ ಬರುತ್ತಿತ್ತು. ಆದರೆ ಸ್ಟೇಷನ್ನಿನಿಂದ ಹಳ್ಳಿಗೆ ಗಾಡಿ ಎಳೆಯಲು ಎತ್ತು ಬೇಕಲ್ಲ? ತುಮಕೂರಿನ ಕಡೆಗೆ ಆಗಿನ್ನೂ ರೈಲಿರಲಿಲ್ಲ. ಜನ ನಡೆದೇ ಬೆಂಗಳೂರಿಗೆ ಬಂದರು. ಎಷ್ಟೋ ಜನ ದಾರಿಯಲ್ಲೇ ಬಿದ್ದರು. ನಾನು ದಿನಾ ಟ್ರಾಫಿಕ್ಕಿಗೆ ಬೈಯುತ್ತಾ ಹೋಗುವ ಈ ರಸ್ತೆಯಲ್ಲೂ ಬಿದ್ದಿರಬೇಕು.

ಲೆಕ್ಕ ನೋಡಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಜನಸಂಖ್ಯೆ ಎಂಟೂಮುಕ್ಕಾಲು ಲಕ್ಷದಷ್ಟು ಕಡಿಮೆಯಾಯಿತು. ಆರು ಜನರಲ್ಲಿ ಒಬ್ಬರು ಇಲ್ಲ.

ಇಲ್ಲಿ ಸ್ವಲ್ಪ ಸಿಟ್ಟಿನ ಮಾತು. ಆಗ ಮೈಸೂರು ನೇರವಾಗಿ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. 1877ರ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಅಂತ ಸಾರಿದ. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ದಕ್ಷಿಣಕ್ಕೆ ಬಂದ, ಬರ ಪರಿಹಾರದ ಖರ್ಚು ಕಡಿತ ಮಾಡಲು. ಇದೇ ಟೆಂಪಲ್ 1874ರಲ್ಲಿ ಬಿಹಾರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಹಂಚಿದ್ದ, ಅಲ್ಲಿ ಹಸಿವಿನ ಸಾವುಗಳು ಬಹುತೇಕ ಆಗಲೇ ಇಲ್ಲ. ಅದಕ್ಕೆ ಸಿಕ್ಕ ಬಹುಮಾನ ಏನು ಗೊತ್ತಾ? ದುಂದುಗಾರ ಅನ್ನುವ ಬೈಗುಳ. ಪಾಠ ಕಲಿತ ಮನುಷ್ಯ ಮದರಾಸು ಪ್ರಾಂತ್ಯದಲ್ಲಿ ಇಡೀ ದಿನ ಕಲ್ಲು ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು ಧಾನ್ಯ, ಮೇಲೆ ಸ್ವಲ್ಪ ಚಿಲ್ಲರೆ ಅಂತ ನಿಗದಿ ಮಾಡಿದ. ಅಂದರೆ ಅರ್ಧ ಕೇಜಿಗೂ ಕಡಿಮೆ. ಇದು ಸಾಲದು ಅಂತ ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಜಗಳವಾಡಿದ. ಕೆಲವು ತಿಂಗಳ ಮೇಲೆ ಏರಿಸಿದರು, ಅಷ್ಟರಲ್ಲಿ ತಡವಾಗಿತ್ತು. ಅತ್ತ ಇಂಡಿಯಾದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಮಳೆ ಬರಲಿಲ್ಲ, ಅದು ಪ್ರಕೃತಿ. ಜನ ಸತ್ತಿದ್ದಕ್ಕೆ ಮಾತ್ರ ಮನುಷ್ಯರ ಸಹಿ ಇದೆ. ಮುಂದೆ ಹೇಳುವುದಕ್ಕೆ ಇದು ಬೇಕು, ಅದಕ್ಕೇ ಇಷ್ಟು ಎಳೆದೆ.

ಬರ ಮುಗಿಯುವಷ್ಟರಲ್ಲಿ ಅಪ್ಪ ಅಮ್ಮ ಇಲ್ಲದ ಮಕ್ಕಳು ಎಲ್ಲೆಲ್ಲೂ ಇದ್ದರು. ವೆಸ್ಲಿಯನ್ ಮಿಷನ್ನಿನವರು ತುಮಕೂರು, ಹಾಸನಗಳಲ್ಲಿ ಅನಾಥಾಲಯ ನಡೆಸಿದರು. ಮೈಸೂರು ಸೀಮೆಯ ಕಥೋಲಿಕ ಚರ್ಚು ಆಗ ಫ್ರೆಂಚ್ ಪಾದ್ರಿಗಳ ಕೈಯಲ್ಲಿತ್ತು. ಅವರೂ ನೂರಾರು ಮಕ್ಕಳನ್ನು ತಂದು ಸಾಕಿದರು, ಜ್ಞಾನಸ್ನಾನ ಕೊಟ್ಟರು. ಸರಿ, ಮಕ್ಕಳು ದೊಡ್ಡವರಾಗ್ತಾರೆ, ಆಮೇಲೆ? ಜಾತಿ ಕೇಳಿದರೆ ಉತ್ತರ ಇಲ್ಲ, ಊರಿಲ್ಲ, ಹೊಲವಿಲ್ಲ, ಹೆಣ್ಣು ಕೊಡುವವರಿಲ್ಲ. ಅದಕ್ಕೆ ಜಮೀನು ಹಿಡಿದು, ನೇಗಿಲು ಕೊಟ್ಟು ಊರುಗಳನ್ನೇ ಕಟ್ಟಿದರು. ನೆಲಮಂಗಲದ ಕಡೆಗೆ ಸಿಲುವೆಪುರ, ಕನಕಪುರದ ಕಡೆ ತಟ್ಟಗುಪ್ಪೆಯ ಹತ್ತಿರ ಮರಿಯಾಪುರ. ಹೊಸ ಐಡಿಯಾ ಏನಲ್ಲ. ಅದಕ್ಕೂ ಅರ್ಧ ಶತಮಾನ ಮುಂಚೆ ಅಬ್ಬೆ ದುಬಾ ಹಾಸನದ ಹತ್ತಿರ ಸಾತಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆ ಕಟ್ಟಿದ್ದರು. (ಅದೇ ದುಬಾ ಯೂರೋಪಿಗೆ ವಾಪಸ್ಸು ಹೋಗಿ, ಇಂಡಿಯಾದವರನ್ನು ಮತಾಂತರ ಮಾಡುವುದು ಆಗದ ಕೆಲಸ ಅಂತ ಪುಸ್ತಕವನ್ನೇ ಬರೆದರು, 1823ರಲ್ಲಿ!)

ಈಗ ಗೆಳೆಯನ ಪ್ರಶ್ನೆಗೆ ಬರ್ತೀನಿ. ಹೋದ ವರ್ಷ ನಮ್ಮ ಮನೆತನದ ವಂಶವೃಕ್ಷ ಮಾಡೋಣ ಅಂತ ಕೂತೆ. ಎಂಜಿನಿಯರ್ ಬುದ್ಧಿ, ಎಕ್ಸೆಲ್ ಶೀಟು ತೆರೆದೆ. ಅಮ್ಮನ ಕಡೆ ಅಜ್ಜಿ, ಅಜ್ಜಿಯ ಅಪ್ಪ, ಅವರ ಅಪ್ಪ... ಅಲ್ಲಿಗೆ ನಿಂತಿತು. ಆ ಮುತ್ತಜ್ಜ ಬರದ ಹುಡುಗ. ಸುಮಾರು ಆರೇಳು ವರ್ಷ, ದಾರಿಯಲ್ಲಿ ಸಿಕ್ಕಿದ್ದು. ಪಾದ್ರಿ ಇಟ್ಟ ಹೆಸರೇ ಅವನ ಮೊದಲ ಹೆಸರು. ಅದರ ಮೇಲಿನ ಡಬ್ಬಿ ಖಾಲಿ. ನಮ್ಮಲ್ಲಿ ಚೌರಪ್ಪ, ಇನ್ನಾಸಪ್ಪ ಅಂತ ಹೆಸರುಗಳು ಬರ್ತವಲ್ಲ, ಕ್ಸೇವಿಯರ್, ಇಗ್ನೇಷಿಯಸ್‌ಗಳು ಮಂಡ್ಯ ಮಾಗಡಿ ನೀರು ಕುಡಿದು ಆದ ಹೆಸರು, ಅಂಥದ್ದೇ ಒಂದು. ಹಾಗಾಗಿ, ಹೌದು ಮಗಾ, ಗಂಜಿಗೇ. ಆರು ವರ್ಷದ ಹುಡುಗ ಇನ್ಯಾವುದಕ್ಕೆ ಬರ್ತಾನೆ? ಅವನ ಮುಂದೆ ದೇವತಾಶಾಸ್ತ್ರದ ಚರ್ಚೆ ಇಡಬೇಕಿತ್ತಾ?

ಆ ಹುಡುಗನ ಪರಿಸ್ಥಿತಿಯನ್ನು ಪಾದ್ರಿಗಳು ಬಳಸಿಕೊಳ್ಳಲಿಲ್ಲವೇ ಅಂತ ಕೇಳಬಹುದು. ಕೇಳಬೇಕು ಕೂಡ. ಸಾಯುತ್ತಿದ್ದ ಕೂಸುಗಳಿಗೆ ನೀರು ಹಾಕಿ ಜ್ಞಾನಸ್ನಾನದ ಲೆಕ್ಕ ಬರೆಯುವ ರೂಢಿ ಆ ಕಾಲದ ಮಿಷನರಿಗಳಲ್ಲಿತ್ತು. ಓದಿದಾಗ ನನಗೂ ಕಸಿವಿಸಿ ಆಗುತ್ತದೆ. ಆದರೆ ಕೊಟ್ಟವರು ಯಾಕೆ ಕೊಟ್ಟರು ಅನ್ನೋದು ಒಂದು ಕತೆ, ಪಡೆದವರು ಅದನ್ನು ಏನು ಮಾಡಿಕೊಂಡರು ಅನ್ನೋದು ಇನ್ನೊಂದು. ಬರದ ಬಗ್ಗೆ ಬರೆದವರೆಲ್ಲ ದೊಡ್ಡವರೇ, ಕಮಿಷನರು, ಪಾದ್ರಿ, ಪತ್ರಕರ್ತ. ಎರಡನೇ ಕತೆ ನನಗೆ ಸಿಕ್ಕಿದ್ದು ಅಜ್ಜಿಯಿಂದ, ಅದೂ ಸಾವಿನ ಮನೆಯಲ್ಲಿ.

ಮೂರು ವರ್ಷದ ಹಿಂದೆ ನನ್ನ ತಮ್ಮ ತೀರಿಕೊಂಡ. ಇಪ್ಪತ್ತೆರಡು ವರ್ಷ. ವಿವರ ಬೇಡ. ಮನೆಗೆ ಬಂದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಮಾತಾಡಿದರು. "ದೇವರಿಗೆ ಇಷ್ಟವಾದೋರನ್ನ ಬೇಗ ಕರ್ಕೋತಾನೆ", "ಇದರಲ್ಲೂ ಆತನ ಒಂದು ಯೋಜನೆ ಇರುತ್ತೆ". ಬೈಬಲ್ಲಿನ ಯೋಬನ ಗೆಳೆಯರೂ ಹೀಗೇ, ಅವನ ನೋವಿಗೆ ಕಾರಣ ಹುಡುಕಿ ಹುಡುಕಿ ಕೊಡುತ್ತಾರೆ. ಕೊನೆಗೆ ದೇವರು ಬೈಯುವುದು ಅವರಿಗೆ, ಕೂಗಾಡಿದ ಯೋಬನಿಗಲ್ಲ. ಅಮ್ಮ ಸುಮ್ಮನೆ ಕೂತಿದ್ದಳು. ಅಜ್ಜಿಗೆ ತಡೆಯಲಿಲ್ಲ. "ಸುಮ್ಕಿರ್ರವ್ವಾ, ಯೋಜನೆ ಅಂತೆ ಯೋಜನೆ. ನಮ್ ತಾತನ್ ಅಪ್ಪ ಅವ್ವ ಸತ್ತಿದ್ದೂ ದೇವ್ರ ಯೋಜನೇನಾ? ಅವ್ರಿಗೆ ಹಾಕಕ್ಕೆ ಕಾಳಿತ್ತು, ಹಾಕ್ಲಿಲ್ಲ" ಅಂದಳು. ನಾಲ್ಕನೇ ಕ್ಲಾಸು ಓದಿದ ಅಜ್ಜಿ. ಟೆಂಪಲ್ ಹೆಸರು ಕೇಳಿದವಳಲ್ಲ.

ಆಮೇಲೆ ರಾತ್ರಿ ನನಗೆ ಹೇಳಿದಳು. ಆ ತಾತ ಬದುಕಿನುದ್ದಕ್ಕೂ ತಪಸ್ಸುಕಾಲದ ಒಂದು ಶುಕ್ರವಾರವನ್ನೂ ಶಿಲುಬೆ ಹಾದಿಗೆ ತಪ್ಪಿಸಿದವನಲ್ಲವಂತೆ. ಹದಿನಾಲ್ಕು ನಿಲ್ದಾಣಗಳಲ್ಲೂ ಮೊಣಕಾಲೂರುತ್ತಿದ್ದ. ಯೇಸು ಶಿಲುಬೆ ಹೊತ್ತು ಬೀಳುವ ಮೂರು ನಿಲ್ದಾಣಗಳಲ್ಲಿ ಮಾತ್ರ ಎಲ್ಲರೂ ಎದ್ದರೂ ಇವನು ಏಳುತ್ತಿರಲಿಲ್ಲ. ಯಾಕೆ ಅಂತ ಮಗ ಕೇಳಿದ್ದಕ್ಕೆ, "ನಮ್ಮವ್ವನೂ ಹಿಂಗೇ ದಾರೀಲಿ ಬಿದ್ಲು ಕಣ್ಲಾ, ಯಾರೂ ಎತ್ಲಿಲ್ಲ. ಇವ್ನಿಗೆ ಗೊತ್ತದೆ" ಅಂದನಂತೆ. ನಾನು ಹುಟ್ಟಿದಾಗಿನಿಂದ ಶಿಲುಬೆ ನೋಡಿದ್ದೇನೆ. ನೋವಿಗೆ ಕಾರಣ ಕೊಡದೆ, ಬಿದ್ದವರ ಪಕ್ಕದಲ್ಲಿ ತಾನೂ ಬಿದ್ದ ದೇವರು ಅಂತ ಅದನ್ನು ಓದಲು ಬರೆಯಲು ಬಾರದ ಒಬ್ಬ ರಾಗಿ ರೈತ ಓದಿಕೊಂಡಿದ್ದು ನನಗೆ ಗೊತ್ತೇ ಇರಲಿಲ್ಲ. ಕಷ್ಟ ತಾಳ್ಮೆಯನ್ನು, ತಾಳ್ಮೆ ಭರವಸೆಯನ್ನು ಹುಟ್ಟಿಸುತ್ತದೆ ಎಂಬ ಅರ್ಥದಲ್ಲಿ ಪೌಲ ರೋಮಿನವರಿಗೆ ಬರೆದಿದ್ದಾನೆ. ಪ್ರಸಂಗದಲ್ಲಿ ಕೇಳಿದಾಗ ನನಗೆ ಅದು ಗೋಡೆ ಮೇಲಿನ ಪೋಸ್ಟರ್ ಥರ ಅನಿಸುತ್ತಿತ್ತು. ಕಷ್ಟ ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ, ಎಷ್ಟೋ ಜನರನ್ನು ಬರೀ ಮುರಿಯುತ್ತದೆ. ಈ ತಾತ ಮಾಡಿಕೊಂಡಿದ್ದು ಒಂದು ಅಭ್ಯಾಸ. ಅವನ ಮನೆಯಲ್ಲಿ ಬೆಳಗ್ಗೆ ಅಂಬಲಿ ಕಾಯಿಸಿದರೆ ಮೊದಲ ಚೊಂಬು ಬಾಗಿಲ ಹೊರಗಿನವರಿಗೆ. ಯಾರಿದ್ದರೂ ಸರಿ, ಯಾವ ಜಾತಿಯಾದರೂ ಸರಿ, ಹೆಸರು ಕೇಳುವಂತಿಲ್ಲ. ಹೆಸರು ಕೇಳಿ ಕೊಡುವುದು ಏನು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತಲ್ಲ.

ಅಜ್ಜಿ ಈಗಲೂ ಶುಭ ಶುಕ್ರವಾರದ ದಿನ ಮಾಕಳಿಯ ನಮ್ಮ ಮನೆ ಗೇಟಿನ ಹತ್ತಿರ ಸ್ಟೀಲ್ ಪಾತ್ರೆ ಇಟ್ಟುಕೊಂಡು ಕೂರುತ್ತಾಳೆ. ಲಾರಿ ಕ್ಲೀನರುಗಳು, ಗಾರೆ ಕೆಲಸದವರು ಕುಡಿದು ಹೋಗುತ್ತಾರೆ. ತಮ್ಮ ಹೋದ ವರ್ಷ ಯಾರೂ ಅಂಬಲಿ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಬೆಳಗಾಗೆದ್ದು ನೋಡಿದರೆ ಅಮ್ಮ ಒಲೆ ಹಚ್ಚಿದ್ದಳು.

ನಿಮ್ಮ ಮನೆಗಳಲ್ಲೂ ಧಾತು ಈಶ್ವರದ ಕತೆ ಏನಾದರೂ ಉಳಿದಿರಬಹುದು, ಯಾವ ಧರ್ಮದವರಾದರೂ. ಅಜ್ಜ ಅಜ್ಜಿ ಇದ್ದರೆ ಈ ವಾರವೇ ಕೇಳಿ, ಬರೆಯಿರಿ. ಅಜ್ಜಿಗೆ ಕಣ್ಣು ಮಂಜು, ನಾನೇ ಓದಿ ಹೇಳುತ್ತೇನೆ.