ಹಳೇ ಬೈಕ್ ಮೇಲೆ ಪ್ರೀತಿ ಇದೆ, ದುಡ್ಡು ಯಾಕೆ ಬಿಚ್ಚಲ್ಲ?

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಮೈಸೂರು, ಬೆಂಗಳೂರಿನಲ್ಲಿ ಒಂದು ಜಾತ್ರೆ ಸೇರುತ್ತೆ. ಜಾವಾ, ಯೆಜ್ಡಿ ಬೈಕ್‌ಗಳ ಜಾತ್ರೆ. ಟ್ಯಾಂಕ್ ಒರೆಸಿ, ಜೋಡಿ ಸೈಲೆನ್ಸರ್ ಫಳಫಳ ಹೊಳೆಯೋ ಹಾಗೆ ತಿಕ್ಕಿ ತಂದು ಸಾಲಾಗಿ ನಿಲ್ಲಿಸ್ತಾರೆ. ನಮ್ಮಂಥ ಚಾನೆಲ್‌ಗಳ ಕ್ಯಾಮೆರಾಗಳೂ ಹೋಗುತ್ತವೆ. ಮೈಕ್ ಹಿಡಿದರೆ ಸುತ್ತ ನಿಂತವರದ್ದು ಒಂದೇ ಮಾತು: "ಈಗ್ಲೂ ಇಂಥ ಗಾಡಿ ಮಾಡಿದ್ರೆ ಮೊದಲು ತಗೊಳ್ಳೋನೇ ನಾನು ಸಾರ್!"

ವೀಕ್ಷಕರೇ, ಈ ಮಾತನ್ನು ನಂಬಿ ಕೈ ಸುಟ್ಟುಕೊಂಡ ಕಂಪನಿಗಳ ಕಥೆ ಇವತ್ತು ಹೇಳ್ತೀನಿ. ಅದು ಸಣ್ಣಪುಟ್ಟ ಕಂಪನಿಗಳ ಕಥೆಯಲ್ಲ. ಹೋಂಡಾ, ಕವಾಸಾಕಿ! ಜಾಗ ಅಮೆರಿಕ.

ಮೊದಲು ಹಿನ್ನೆಲೆ ನೋಡಿ. 1969ರಲ್ಲಿ ಹೋಂಡಾ ಸಿಬಿ750 ಬಂತು. ನಾಲ್ಕು ಸಿಲಿಂಡರ್, ಗುಂಡಿ ಒತ್ತಿದರೆ ಸ್ಟಾರ್ಟ್. ಅಲ್ಲಿಂದ ಮುಂದಿನ ಹತ್ತು ವರ್ಷ ಅಮೆರಿಕದಲ್ಲಿ ಜಪಾನಿನದ್ದೇ ದರ್ಬಾರು. ಆ ಗಾಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ದುಂಡು ಹೆಡ್‌ಲೈಟ್, ಉದ್ದ ಸೀಟು, ನೆಟ್ಟಗೆ ಕೂತು ಓಡಿಸೋ ಹ್ಯಾಂಡಲ್, ಕಣ್ಣಿಗೆ ಕಾಣೋ ಎಂಜಿನ್. ಇದಕ್ಕೇ 'ಸ್ಟ್ಯಾಂಡರ್ಡ್' ಮೋಟಾರ್‌ಸೈಕಲ್ ಅಂತಾರೆ. ನಾವು ನೀವು ಮಗುವಿಗೆ ಬೈಕ್ ಚಿತ್ರ ಬರೆದುಕೊಡು ಅಂದರೆ ಬರೆಯೋದು ಇದನ್ನೇ.

1980ರ ದಶಕದಲ್ಲಿ ಎಲ್ಲ ಬದಲಾಯ್ತು. ಹೋಂಡಾ ಮತ್ತು ಯಮಾಹಾ ನಡುವೆ ಎಂಥ ಪೈಪೋಟಿ ಬಿತ್ತು ಅಂದರೆ, ಬೇಡಿಕೆ ನೋಡದೆ ಗಾಡಿ ಮಾಡಿ ಅಮೆರಿಕದ ಗೋದಾಮುಗಳಲ್ಲಿ ರಾಶಿ ಹಾಕಿದರು. ಹಾರ್ಲೆ-ಡೇವಿಡ್ಸನ್ ಸರ್ಕಾರದ ಬಾಗಿಲು ತಟ್ಟಿತು. 1983ರಲ್ಲಿ ಅಧ್ಯಕ್ಷ ರೇಗನ್ 700 ಸಿಸಿಗಿಂತ ದೊಡ್ಡ ವಿದೇಶಿ ಬೈಕ್‌ಗಳ ಆಮದು ಸುಂಕವನ್ನು ಶೇ. 4.4ರಿಂದ ಶೇ. 49.4ಕ್ಕೆ ಏರಿಸಿದರು. ಮಾರುಕಟ್ಟೆ ಹೋಳಾಯ್ತು. ಕಾಲು ಮುಂದೆ ಚಾಚಿ ಆರಾಮಾಗಿ ಹೋಗೋರಿಗೆ ಕ್ರೂಸರ್, ಬಗ್ಗಿ ಹಾರೋರಿಗೆ ಸ್ಪೋರ್ಟ್ಸ್ ಬೈಕ್. ನಡುವಿನ ಸಾದಾ ಗಾಡಿಯನ್ನು ಕೇಳೋರೇ ಇಲ್ಲ.

ಆಗ ಕಂಪನಿಗಳಿಗೆ ಕೇಳಿಸಿದ್ದು ಅದೇ ಜಾತ್ರೆಯ ಮಾತು: "ಹಳೇ ಥರದ ಗಾಡಿ ಕೊಡಿ, ತಗೋತೀವಿ."

1989ರಲ್ಲಿ ಹೋಂಡಾ ಅಮೆರಿಕಕ್ಕೆ ಜಿಬಿ500 ತಂದಿತು. ಒಂದೇ ಸಿಲಿಂಡರ್, ಕಡ್ಡಿ ಚಕ್ರ, ಕಡು ಹಸಿರು ಟ್ಯಾಂಕಿನ ಮೇಲೆ ಪಟ್ಟಿ. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಓಡುತ್ತಿದ್ದ ಹಳೇ ಬ್ರಿಟಿಷ್ ರೇಸ್ ಬೈಕುಗಳ ಪಡಿಯಚ್ಚು. ಆದರೆ ಆಯಿಲ್ ಸೋರಲ್ಲ, ಕೈಕೊಡಲ್ಲ. ಬೆಲೆ ಸುಮಾರು 4,200 ಡಾಲರ್. ಏನಾಯ್ತು ಗೊತ್ತಾ? ಎರಡೇ ವರ್ಷಕ್ಕೆ ಅಂಗಡಿ ಮುಚ್ಚಿದರು. ಉಳಿದ ಗಾಡಿಗಳನ್ನು ಹಡಗು ಹತ್ತಿಸಿ ಜರ್ಮನಿಗೆ ಕಳಿಸಿದರು!

ಗಾಡಿ ಕೆಟ್ಟದ್ದಾಗಿತ್ತಾ? ಖಂಡಿತ ಇಲ್ಲ. ಇವತ್ತು ಅದೇ ಗಾಡಿಗೆ ಸಂಗ್ರಾಹಕರು ಹುಡುಕಾಡ್ತಾರೆ. ಆದರೆ ಅವತ್ತು ಲೆಕ್ಕ ಬೇರೆ ಇತ್ತು. ಇನ್ನೊಂದಿಷ್ಟು ಡಾಲರ್ ಸೇರಿಸಿದರೆ ಅದೇ ಶೋರೂಮಿನಲ್ಲಿ ಎರಡು ಪಟ್ಟಿಗೂ ಹೆಚ್ಚು ಶಕ್ತಿಯ ಸಿಬಿಆರ್600 ಸಿಗ್ತಿತ್ತು. ಹಳೇದೇ ಬೇಕು ಅನ್ನೋನಿಗೆ ನಿಜವಾದ ಹಳೇ ಗಾಡಿಗಳೇ ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಬಿದ್ದಿದ್ದವು. ಅಸಲಿ ಕಡಿಮೆ ಬೆಲೆಗೆ ಸಿಗೋವಾಗ ಅದರ ನಕಲಿಗೆ ಯಾರು ಜಾಸ್ತಿ ಕೊಡ್ತಾರೆ?

ಕವಾಸಾಕಿಯ ಜೆಫೈರ್ ಗತಿಯೂ ಅಷ್ಟೆ. 1989ರಲ್ಲಿ ಜಪಾನಿನಲ್ಲಿ ಬಂದ ಜೆಫೈರ್ 400 ಅಲ್ಲಿ ಭರ್ಜರಿ ಹಿಟ್. ಅದರ ದೊಡ್ಡ ಅಣ್ಣಂದಿರು ಅಮೆರಿಕಕ್ಕೆ ಹೋಗಿ ಕೆಲವೇ ವರ್ಷಗಳಲ್ಲಿ ವಾಪಸ್. ಜಪಾನಿನ ಇಕ್ಕಟ್ಟಾದ ಊರುಗಳಲ್ಲಿ ಹಗುರವಾಗಿ ಓಡೋ ಸಾದಾ ಗಾಡಿಗೆ ದಿನಾ ಕೆಲಸ ಇದೆ. ಅಮೆರಿಕದಲ್ಲಿ ಮನೆಮನೆಗೆ ಕಾರು. ಬಹಳ ಜನಕ್ಕೆ ಬೈಕ್ ಅಂದರೆ ವಾರದ ಕೊನೆಯ ಖುಷಿ. ಖುಷಿಗೆ ಅಂತ ಕೊಳ್ಳೋನು ಎಲ್ಲದಕ್ಕೂ ಸಲ್ಲುವ ಸಾದಾ ಗಾಡಿ ಕೊಳ್ಳಲ್ಲ, ಅತಿರೇಕದ್ದನ್ನೇ ಕೊಳ್ತಾನೆ.

ಅಮೆರಿಕದವರಿಗೆ ಹಳೇದರ ಮೋಹ ಇಲ್ಲ ಅಂತಲ್ಲ, ಇದೆ! 1984ರಲ್ಲಿ ಹಾರ್ಲೆ 'ಸಾಫ್ಟೇಲ್' ತಂದಿತು. ಹಿಂದಿನ ಸಸ್ಪೆನ್ಷನ್ ಕಣ್ಣಿಗೆ ಕಾಣದ ಹಾಗೆ ಕೆಳಗೆ ಬಚ್ಚಿಟ್ಟು, ಸಸ್ಪೆನ್ಷನ್ನೇ ಇಲ್ಲದ ಅಜ್ಜನ ಕಾಲದ ಬೈಕಿನ ಥರ ಕಾಣಿಸಿದರು. ಜನ ಮುಗಿಬಿದ್ದರು. 2000ದ ಹೊತ್ತಿಗೆ ಕವಾಸಾಕಿ ಡಬ್ಲ್ಯೂ650 ಅನ್ನೋ ಗಾಡಿ ತಂದಿತು. ನೋಡಿದರೆ ಥೇಟ್ ಹಳೇ ಟ್ರಯಂಫ್ ಬಾನ್‌ವಿಲ್. ಬೆನ್ನಲ್ಲೇ ಟ್ರಯಂಫ್ ತನ್ನದೇ ಹೊಸ ಬಾನ್‌ವಿಲ್ ಬಿಟ್ಟಿತು. ಕವಾಸಾಕಿ ಎರಡೇ ವರ್ಷದಲ್ಲಿ ಅಮೆರಿಕದ ಅಂಗಡಿಗಳಿಂದ ಆ ಗಾಡಿಯನ್ನು ತೆಗೆದಿತ್ತು. ಬಾನ್‌ವಿಲ್ ಇವತ್ತಿಗೂ ಅಲ್ಲಿ ಮಾರಾಟವಾಗ್ತಿದೆ. ರೂಪ ಒಂದೇ, ಟ್ಯಾಂಕ್ ಮೇಲಿನ ಹೆಸರು ಬೇರೆ. ಬೇರೆಯವರ ಮನೆಯ ಅಜ್ಜನ ಫೋಟೋವನ್ನು ನಮ್ಮ ಗೋಡೆಗೆ ಹಾಕಿಕೊಳ್ತೀವಾ?

ಈಗ ನಮ್ಮ ಊರಿಗೆ ಬನ್ನಿ.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿದ್ದು 1960ರ ದಶಕದ ಆರಂಭದಲ್ಲಿ. ಮುಚ್ಚಿದ್ದು 1996ರಲ್ಲಿ. ಕಿಕ್ ಹೊಡೆಯೋ ಲಿವರ್ರೇ ಮಡಚಿದರೆ ಗೇರ್ ಲಿವರ್! ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಅಂಥ ಸರಳ ಬುದ್ಧಿವಂತಿಕೆ ನೋಡಿದರೆ ಈಗಲೂ ಖುಷಿಯಾಗುತ್ತೆ. ಆದರೆ 1980ರ ದಶಕದ ಮಧ್ಯದಲ್ಲಿ ಜಪಾನಿನ ತಂತ್ರಜ್ಞಾನದ 100 ಸಿಸಿ ಬೈಕ್‌ಗಳು ಬಂದವು. 1985ರಲ್ಲಿ ಹೀರೋ ಹೋಂಡಾ ಸಿಡಿ100 ಬಂದ ಮೇಲಂತೂ ಮೈಲೇಜೇ ಮಂತ್ರ.

ನಮ್ಮ ಚಿಕ್ಕಪ್ಪನ ಹತ್ತಿರ ಯೆಜ್ಡಿ ಇತ್ತು. 1990ರ ದಶಕದಲ್ಲಿ ಮಾರಿ 100 ಸಿಸಿ ಗಾಡಿ ತಗೊಂಡರು. ಯಾಕೆ ಮಾರಿದ್ರಿ ಅಂತ ಒಮ್ಮೆ ಕೇಳಿದೆ. "ದಿನಾ ನಲವತ್ತು ಕಿಲೋಮೀಟರ್ ಓಡಾಡ್ಬೇಕಿತ್ತು ಕಣೋ. ಪೆಟ್ರೋಲಿಗೆ ದುಡ್ಡು ನಿಮ್ಮಪ್ಪ ಕೊಡ್ತಿದ್ನಾ?" ಅಂದರು. ಇಂಥ ಸಾವಿರಾರು ಚಿಕ್ಕಪ್ಪಂದಿರ ಲೆಕ್ಕ ಒಟ್ಟಾದಾಗ ಒಂದು ಕಾರ್ಖಾನೆಯ ಬಾಗಿಲು ಮುಚ್ಚುತ್ತೆ. ನೂರಾರು ಮನೆಗಳ ಸಂಬಳ ನಿಲ್ಲುತ್ತೆ. ಚಿಕ್ಕಪ್ಪನದ್ದು ತಪ್ಪಾ? ಅಲ್ಲ. ಅವರ ಜೇಬಿನ ಲೆಕ್ಕ ಸರಿಯಾಗೇ ಇತ್ತು.

ಹಾಗಾದರೆ ರಾಯಲ್ ಎನ್‌ಫೀಲ್ಡ್ ಹೇಗೆ ಗೆದ್ದಿತು? ಅದೂ ಹೆಚ್ಚುಕಡಿಮೆ ಮುಳುಗಿತ್ತು. 2000ದ ಹೊತ್ತಿಗೆ ತಿಂಗಳಿಗೆ 2,000 ಗಾಡಿಯ ಆಸುಪಾಸು ಮಾರ್ತಿತ್ತು. ಆದರೆ ಬುಲೆಟ್ ತಯಾರಿಕೆ ನಿಂತಿರಲಿಲ್ಲ. ಸೇನೆಯಲ್ಲಿತ್ತು, ಪೊಲೀಸರ ಹತ್ತಿರ ಇತ್ತು, ಮೆಕ್ಯಾನಿಕ್ ಕೈಗೆ ಪಳಗಿತ್ತು. 2009ರಲ್ಲಿ ಕ್ಲಾಸಿಕ್ ಬಂತು. ಹೊರಗೆ ಹಳೇ ವೇಷ, ಒಳಗೆ ಹೊಸ ಎಂಜಿನ್, ಎಲೆಕ್ಟ್ರಿಕ್ ಸ್ಟಾರ್ಟ್. ಕೈಯಲ್ಲಿ ಸ್ವಲ್ಪ ಕಾಸು ಆಡುತ್ತಿದ್ದ ಹೊಸ ಪೀಳಿಗೆ ಅದನ್ನು ದಿನಾ ಆಫೀಸಿಗೂ ಓಡಿಸಿತು, ರಜೆಗೆ ಲಡಾಖ್‌ಗೂ ಓಡಿಸಿತು. 2024-25ರಲ್ಲಿ ಕಂಪನಿಯ ವರ್ಷದ ಮಾರಾಟ 10 ಲಕ್ಷ ದಾಟಿತು.

ಜಾವಾ ಕೂಡ 2018ರ ನವೆಂಬರ್‌ನಲ್ಲಿ ಮರಳಿ ಬಂತು. ಬುಕಿಂಗ್ ಹೇಗೆ ಸುರಿಯಿತು ಅಂದರೆ, ಡಿಸೆಂಬರ್‌ನಲ್ಲೇ ಆನ್‌ಲೈನ್ ಬುಕಿಂಗ್ ನಿಲ್ಲಿಸಬೇಕಾಯ್ತು. ಜನ ತಿಂಗಳುಗಟ್ಟಲೆ ಕಾದರು. ಆದರೂ ಮಾರಾಟ ಎನ್‌ಫೀಲ್ಡ್ ಹತ್ತಿರಕ್ಕೂ ಬರಲಿಲ್ಲ. 22 ವರ್ಷ ರಸ್ತೆಯಿಂದಲೇ ದೂರ ಇದ್ದ ಹೆಸರಿಗೆ ಶೋರೂಮು, ಸರ್ವೀಸು, ಬಿಡಿಭಾಗ ಎಲ್ಲವನ್ನೂ ಸೊನ್ನೆಯಿಂದ ಕಟ್ಟಬೇಕು. ಅದಕ್ಕಿಂತ ಚುಚ್ಚೋ ಮಾತು ಇನ್ನೊಂದಿದೆ. ಹೊಸ ಜಾವಾ ತಯಾರಾಗಿದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ವಾಪಸ್ ಬಂತು, ಮೈಸೂರಿಗೆ ಕೆಲಸ ವಾಪಸ್ ಬರಲಿಲ್ಲ.

ಹಳೇ ರೂಪವನ್ನು ಜನ ಕೊಳ್ತಾರೆ. ಆದರೆ ಆ ರೂಪ ಅವರದ್ದೇ ನೆನಪಾಗಿರಬೇಕು, ಮತ್ತು ಸೋಮವಾರ ಬೆಳಗ್ಗೆ ಕೆಲಸಕ್ಕೂ ಬರಬೇಕು. ಬರೀ ಭಾನುವಾರದ ಪ್ರೀತಿ ನಂಬಿ ಕಾರ್ಖಾನೆ ನಡೆಸೋಕಾಗಲ್ಲ. ನಾಳೆ ನಿಮ್ಮೂರಿನ ಯಾವುದಾದರೂ ಹಳೇ ಕಾರ್ಖಾನೆ ಮುಚ್ಚಿದಾಗ "ಅಯ್ಯೋ" ಅನ್ನೋ ಮೊದಲು ಒಂದು ಸಲ ಕೇಳಿಕೊಳ್ಳಿ, ನಾನು ಅಲ್ಲಿಯ ಸರಕು ಕೊನೇ ಸಲ ಕೊಂಡಿದ್ದು ಯಾವಾಗ?

ಅಂದಹಾಗೆ, ನಮ್ಮ ಚಿಕ್ಕಪ್ಪ ಪ್ರತಿ ಜುಲೈನಲ್ಲೂ ಆ ಜಾತ್ರೆಗೆ ತಪ್ಪದೆ ಹೋಗ್ತಾರೆ. ಸಾಲಾಗಿ ನಿಂತ ಯೆಜ್ಡಿಗಳ ಟ್ಯಾಂಕ್ ಸವರಿ, ಕಣ್ಣು ತುಂಬಿಕೊಂಡು ಬರ್ತಾರೆ. ಹೋಗೋದು ಯಾವುದರಲ್ಲಿ ಗೊತ್ತಾ? ಗೇರ್ ಇಲ್ಲದ ಸ್ಕೂಟರ್‌ನಲ್ಲಿ.