ಹುಟ್ಟಿನ ಕಟ್ಟು

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ನೆಲದಲ್ಲಿ ಶಹಾಪುರ, ಸುರಪುರಗಳಿವೆ. ಯಾದಗಿರಿಯಾದರೋ ಭೀಮೆಯ ದಡದ ಊರು. ಸೇತುವೆಗಳು ಬರುವುದಕ್ಕೆ ಮುನ್ನ, ಮಳೆಗಾಲದಲ್ಲಿ ಇಲ್ಲಿಂದ ರಾಯಚೂರು, ಲಿಂಗಸುಗೂರುಗಳ ಕಡೆಗೆ ಹೊರಟವರಿಗೆ ಹರಿಗೋಲನ್ನು ನಂಬದೆ ಗತ್ಯಂತರವಿರಲಿಲ್ಲ. ಇಲ್ಲಿಯ ಕೋಟೆಗಳನ್ನು ಕುರಿತು ಬರೆದವರು ಹಲವರು. ಹೊಳೆ ದಾಟಿಸಿದ ಹರಿಗೋಲನ್ನು ಕುರಿತು ಬರೆದವರು ಕೆಲವರು. ಹರಿಗೋಲಿನ ಹುಟ್ಟನ್ನೂ ಅದರ ಕಟ್ಟನ್ನೂ ಕುರಿತು ಬರೆಯುವ ಗೋಜಿಗೆ ಯಾರೂ ಹೋದಂತೆ ಕಾಣುವುದಿಲ್ಲ. ಪ್ರಾಣವೆಲ್ಲ ಇರುವುದು ಅಲ್ಲಿಯೇ.

ಮೊದಲು ಹೆಸರಿನ ಮಾತು. ಹರಿಗೋಲು, ಹರುಗೋಲು ಎಂಬ ಎರಡು ರೂಪಗಳೂ ಕನ್ನಡದಲ್ಲಿ ಬಳಕೆಯಾಗಿವೆ. ತಮಿಳರು ಪರಿಸಲ್ ಎನ್ನುತ್ತಾರೆ, ತೆಲುಗರು ಪುಟ್ಟಿ ಎನ್ನುತ್ತಾರೆ. ನಮ್ಮ ಸೀಮೆಯ ಜನರು ತೆಪ್ಪವೆಂದೇ ಕರೆಯುವುದು ವಾಡಿಕೆ. ಬಿದಿರನ್ನೋ ಮರದ ದಿಮ್ಮಿಗಳನ್ನೋ ಜೋಡಿಸಿದ್ದು ತೆಪ್ಪವೆಂದು ನಿಘಂಟು ಹೇಳೀತು. ಆದರೆ ಹೊಳೆಯ ದಡದಲ್ಲಿ ನಿಘಂಟಿನ ಮಾತು ನಡೆಯದು. ಹುಟ್ಟು ಎಂಬ ಶಬ್ದವೂ ಸೊಗಸಾದುದು. ಅಡುಗೆಮನೆಯ ಮರದ ಸೌಟಿಗೂ ಅದೇ ಹೆಸರು, ದೋಣಿ ನಡೆಸುವ ಸಾಧನಕ್ಕೂ ಅದೇ ಹೆಸರು. ಎರಡರ ಆಕಾರವನ್ನು ನೋಡಿದವರಿಗೆ ವ್ಯಾಖ್ಯಾನ ಬೇಕಿಲ್ಲ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್, ತುಂಗಭದ್ರೆಯನ್ನು ದಾಟಿ ಆನೆಗೊಂದಿಗೆ ಹೋಗುವ ಬುಟ್ಟಿದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಮಂದಿಯನ್ನು ಹೊರಬಲ್ಲವು. ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತವೆ. ಇವು ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಿರುತ್ತವೆ ಎಂಬುದನ್ನೂ ಅವನು ಗಮನಿಸಿದ್ದಾನೆ. ಪರದೇಶಿಯ ಕಣ್ಣು ಚುರುಕಾಗಿದೆ. ಸುತ್ತುವ ದೋಣಿಯನ್ನು ಅಂಬಿಗ ನೇರಕ್ಕೆ ತರುವ ಬಗೆಯನ್ನು ಮಾತ್ರ ಅವನು ವಿವರಿಸಲಿಲ್ಲ.

ಹರಿಗೋಲು ದುಂಡಗಿನದು. ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಚುಕ್ಕಾಣಿಯೂ ಇಲ್ಲ. ಅಂಬಿಗನು ತಾನು ಹೋಗಬೇಕಾದ ದಿಕ್ಕಿನ ಅಂಚಿಗೆ ಕುಳಿತು, ಹುಟ್ಟನ್ನು ಮುಂದಕ್ಕೆ ಚಾಚಿ ಮುಳುಗಿಸಿ, ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತಾನೆ. ಹಾಗೆ ಸೆಳೆಯುವಾಗ ಮಣಿಕಟ್ಟನ್ನು ತುಸು ಹೊರಳಿಸಿ ಹಲಗೆಯ ಮೋರೆಯನ್ನು ತಿರುಗಿಸುತ್ತಾನೆ. ಈ ಹೊರಳಿನಲ್ಲಿಯೇ ಚುಕ್ಕಾಣಿಯ ಕೆಲಸವೆಲ್ಲ ಅಡಗಿದೆ. ಆದುದರಿಂದ ಹಲಗೆಯೂ ಕೋಲೂ ಕೂಡುವ ಸ್ಥಳದ ಮೇಲೆ ಬೀಳುವುದು ಸೆಳೆತದ ಭಾರ ಮಾತ್ರವಲ್ಲ, ತಿರುಚಿನ ಭಾರವೂ ಹೌದು. ಕಟ್ಟು ಸಡಿಲವಾದರೆ ಕೋಲು ತಿರುಗುತ್ತದೆ, ಹಲಗೆ ತಿರುಗುವುದಿಲ್ಲ. ದೋಣಿ ಪಾಯೆಸನು ಕಂಡಂತೆ ಬುಗುರಿಯಾಗುತ್ತದೆ; ಹೊಳೆ ತನ್ನ ಪಾಡಿಗೆ ಅದನ್ನು ಕೆಳಕ್ಕೆ ಒಯ್ಯುತ್ತದೆ.

ಬಿಗಿಮಾಡುವ ವಿದ್ಯೆ ಸಣ್ಣದಾಗಿ ಕಂಡರೂ ತಿಳಿದವರ ವಿದ್ಯೆ. ಒಂದೇ ಮೊಳೆ ಹೊಡೆದರೆ ಅದು ಬಾಗಿಲಿನ ತಿರುಗಣಿಯಂತಾಗಿ ಹಲಗೆ ಅದರ ಸುತ್ತ ಆಡತೊಡಗುತ್ತದೆ. ಮರವು ನೀರಿನಲ್ಲಿ ಉಬ್ಬುತ್ತದೆ, ಬಿಸಿಲಿನಲ್ಲಿ ಕುಗ್ಗುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ, ತೂತು ದೊಡ್ಡದಾಗುತ್ತದೆ. ಅದೇ ತೂತಿಗೆ ಇನ್ನೂ ದಪ್ಪನೆಯ ಮೊಳೆ ಬಡಿಯುವುದು ಅವಸರದವರ ಉಪಾಯ. ಹಲಗೆ ಸೀಳುವುದು ಅದರ ಫಲ. ಬಲ್ಲವರು ಮೊದಲು ಹಳೆಯ ಕಟ್ಟನ್ನು ಪೂರಾ ಬಿಚ್ಚಿ ಮರವನ್ನು ಒಣಗಲು ಬಿಡುತ್ತಾರೆ. ಹಳೆಯ ತೂತಿಗೆ ಮರದ ಗೂಟ ಕೂಡಿಸಿ, ಬೇರೆ ಕಡೆ, ಒಂದರ ಕೆಳಗೊಂದು, ಎರಡು ಮೊಳೆಗಳನ್ನು ಕೊಡುತ್ತಾರೆ. ಕೋಲಿಗೂ ಹಲಗೆಗೂ ನಡುವೆ ಸಂದಿದ್ದರೆ ತೆಳ್ಳನೆಯ ಬೆಣೆ. ಆಮೇಲೆ ಹಗ್ಗ, ಅದೂ ಅಡ್ಡಡ್ಡ, ಕತ್ತರಿಯಾಕಾರವಾಗಿ. ಬರಿಯ ಸುತ್ತು ಸೆಳೆತವನ್ನು ತಡೆದೀತು, ತಿರುಚನ್ನು ತಡೆಯದು.

ಹಗ್ಗದ ಆಯ್ಕೆಯಲ್ಲೂ ವಿವೇಕವುಂಟು. ಹಸಿಯ ತೊಗಲಿನ ಬಾರು ಒಣಗುತ್ತ ಕಬ್ಬಿಣದಂತೆ ಬಿಗಿಯುತ್ತದೆ, ಆದರೆ ಮತ್ತೆ ನೆನೆದೊಡನೆ ಸಡಿಲುತ್ತದೆ; ನೀರಿನಲ್ಲೇ ಬಾಳುವ ವಸ್ತುವಿಗೆ ಅದು ಸಲ್ಲದು. ನಾರಿನ ಹುರಿಯ ಗುಣ ಇದಕ್ಕೆ ತದ್ವಿರುದ್ಧ. ನೀರು ಹೀರಿದರೆ ಅದು ಉಬ್ಬಿ ಗಿಡ್ಡವಾಗುತ್ತದೆ. ಕಟ್ಟು ಹೊಳೆಯೊಳಗೆ ಇನ್ನೂ ಬಿಗಿಯಾಗುತ್ತದೆ. ಪಲ್ಯಕ್ಕೆ ಸೊಪ್ಪು ಕೊಡುವ ನಮ್ಮ ಹೊಲಗಳ ಪುಂಡಿಯೇ ನಾರನ್ನೂ ಕೊಡುವುದು ಈ ಸೀಮೆಯ ಭಾಗ್ಯವೆನ್ನಬೇಕು. ಈಗಿನ ನೈಲಾನ್ ದಾರ ಕೊಳೆಯುವುದಿಲ್ಲ, ನಿಜ. ಆದರೆ ನೆನೆದಾಗ ಸ್ವಲ್ಪ ಹಿಗ್ಗುತ್ತದೆ, ನುಣುಪಾದುದರಿಂದ ಗಂಟು ಜಾರುತ್ತದೆ.

ಇಂಥ ಸಣ್ಣ ಕೆಲಸಕ್ಕೆ ಕಾಲಾವಕಾಶ ಕೊಡದಿದ್ದರೆ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲಿ ದೊಡ್ಡ ನಿದರ್ಶನವಿದೆ. 1520ರ ರಾಯಚೂರಿನ ಯುದ್ಧದಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲಶಾಹ ಕೃಷ್ಣೆಯ ಆಚೆ ದಡದಲ್ಲಿದ್ದನು, ಕೃಷ್ಣದೇವರಾಯನ ಸೈನ್ಯ ಈಚೆಗೆ. ಸುಮಾರು ಒಂದು ಶತಮಾನದ ಅನಂತರ ಬಿಜಾಪುರದ ಆಸ್ಥಾನದಲ್ಲಿದ್ದು ಬರೆದ ಫರಿಶ್ತಾ ಹೇಳುವಂತೆ, ಸುಲ್ತಾನನು ಮದ್ಯದ ಅಮಲಿನಲ್ಲಿ, ತೆಪ್ಪಗಳು ಎಷ್ಟು ಸಿದ್ಧವಾಗಿವೆಯೆಂದು ಕೇಳಿದನು. ನೂರು ಆಗಿವೆ, ಉಳಿದವು ಕೆಲವೇ ದಿನಗಳಲ್ಲಿ ಆಗುತ್ತವೆ ಎಂಬ ಉತ್ತರ ಬಂತು. ಅವನು ಕಾಯಲಿಲ್ಲ. ಆನೆಯೇರಿ ಹೊಳೆಗೆ ಇಳಿದನು. ಸೇನೆಯ ಸ್ವಲ್ಪ ಭಾಗ ಮಾತ್ರ ದಾಟಿತು. ಸೋತು ಹಿಮ್ಮೆಟ್ಟಿದಾಗ ಅನೇಕರು ಕೃಷ್ಣೆಯಲ್ಲಿಯೇ ಮುಳುಗಿಹೋದರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಮದ್ಯದ ಕಥೆಯಲ್ಲಿ ಉಪ್ಪು ಖಾರ ಸೇರಿರಲೂಬಹುದು. ಆದರೂ ಆ ಕೆಲವು ದಿನಗಳನ್ನು ಕೇಳಿದ ಕೆಲಸಗಾರರ ಮಾತು ನನಗೆ ಸುಲ್ತಾನನ ಮಾತಿಗಿಂತ ತೂಕವುಳ್ಳದ್ದಾಗಿ ತೋರುತ್ತದೆ.

1803ರಲ್ಲಿ ಮೈಸೂರಿನಿಂದ ಪುಣೆಯತ್ತ ದಂಡೆತ್ತಿ ಹೋದ ಆರ್ಥರ್ ವೆಲ್ಲೆಸ್ಲಿ ಈ ಪಾಠವನ್ನು ಬಲ್ಲವನಾಗಿದ್ದನು. ಹೊಳೆಗಳು ತುಂಬುವ ಮೊದಲೇ ಬುಟ್ಟಿದೋಣಿಗಳನ್ನು ಕಟ್ಟಿಸಿ ಇಡಬೇಕೆಂದು ಅವನ ಪತ್ರಗಳಲ್ಲಿ ಆಜ್ಞೆಗಳಿವೆ. 1858ರಲ್ಲಿ ಸುರಪುರದ ವೆಂಕಟಪ್ಪನಾಯಕನ ಮೇಲೆ ಲಿಂಗಸುಗೂರಿನಿಂದ ಸೈನ್ಯ ಬಂದದ್ದು ಫೆಬ್ರವರಿಯಲ್ಲಿ, ಕೃಷ್ಣೆ ತೆಳ್ಳಗಿರುವ ಕಾಲದಲ್ಲಿ.

ಸೇತುವೆಗಳು ಬಂದವು, 1982ರಲ್ಲಿ ನಾರಾಯಣಪುರದ ಅಣೆಕಟ್ಟೂ ಪೂರ್ಣವಾಯಿತು. ಆದರೂ ನಡುಗಡ್ಡೆಗಳ ಕಷ್ಟ ತೀರಲಿಲ್ಲ. ಸುರಪುರ ಸೀಮೆಯ ನೀಲಕಂಠರಾಯನ ಗಡ್ಡಿಯಿಂದ 2014ರ ನೆರೆಯಲ್ಲಿ ಒಬ್ಬ ತುಂಬು ಗರ್ಭಿಣಿ ಸೋರೆಬುರುಡೆಗಳನ್ನು ಕಟ್ಟಿಕೊಂಡು ಈಜಿ ದಡ ಸೇರಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದವರು ಮರೆತಿರಲಾರರು. 2020ರ ಆಗಸ್ಟ್‌ನಲ್ಲಿ ರಾಯಚೂರಿನ ಕುರ್ವಕುಲದ ಹತ್ತಿರ ತೆಪ್ಪ ಮಗುಚಿ ನಾಲ್ವರು ನೀರುಪಾಲಾದರು.

ಈಗ ತೊಗಲಿನ ಹೊದಿಕೆ ಮಾಯವಾಗಿದೆ. ಡಾಂಬರು ಬಳಿದ ತಾಡಪತ್ರಿ ಬಂತು, ಅದರ ಬೆನ್ನಿಗೆ ಫೈಬರಿನ ಹರಿಗೋಲು ಬಂತು. ಅದನ್ನು ಅಂಗಡಿಯಿಂದ ಕೊಂಡು ತರಬಹುದು. ಹುಟ್ಟನ್ನು ಮಾತ್ರ ಮೀನುಗಾರರು ಇಂದಿಗೂ ಬಲೆ ಬಿಡುವ ಮುನ್ನ ಒಮ್ಮೆ ಮೊಣಕಾಲಿಗೆ ಒತ್ತಿ, ಹಲಗೆಯನ್ನು ಹಿಡಿದು ತಿರುಚಿ ನೋಡುತ್ತಾರೆ. ಕಿರ್ ಎಂದರೆ ಅಲ್ಲಿಯೇ ಕುಳಿತು ಕಟ್ಟು ಬಿಚ್ಚುತ್ತಾರೆ.